ತಮ್ಮನ ಸಿಇಟಿ ಆಪ್ಷನ್ ಎಂಟ್ರಿ: ಬೆಂಗಳೂರಿನ ಸಿಎಸ್ಸೋ, ಹತ್ತಿರದ ಹಳೇ ಕಾಲೇಜೋ?

ರೋಣದ ಅಕ್ಕ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಎಂಜಿನಿಯರಿಂಗ್ ಸೀಟಿನ ಸಿಇಟಿಯಲ್ಲಿ 38 ಸಾವಿರದ ಆಸುಪಾಸು ರ‍್ಯಾಂಕ್ ಬಂದಿದೆ. ಪಿಯುಸಿ ಚೆನ್ನಾಗಿಯೇ ಆಗಿತ್ತು, ಸಿಇಟಿ ದಿನ ಗಣಿತ ಕೈಕೊಟ್ಟಿತು. ಎರಡಕ್ಕೂ ಅರ್ಧರ್ಧ ಲೆಕ್ಕ ಹಿಡಿಯುವುದರಿಂದ ಇಷ್ಟಾದರೂ ಉಳಿಯಿತು. ಒಂದರಿಂದ ಹತ್ತರವರೆಗೆ ನಮ್ಮೂರ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ನಾವು 2ಎ, ಹಿಂದುಳಿದ ವರ್ಗ.

ಮನೆಯಲ್ಲಿ ಡಿಗ್ರಿ ಓದಿದವಳು ನಾನೊಬ್ಬಳೇ, ಅದೂ ಬಿಎ. ಅಪ್ಪ "ನೀನ ನೋಡವ್ವ" ಅಂದು ಹೊಲಕ್ಕೆ ಹೋಗಿದ್ದಾರೆ. ಸೋದರಮಾವ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾರೆ. ದಿನಾ ಫೋನ್ ಮಾಡಿ "ಬೆಂಗಳೂರಲ್ಲಿ ಸಿಎಸ್ (ಕಂಪ್ಯೂಟರ್ ಸೈನ್ಸ್) ಸಿಕ್ಕರೆ ಕಣ್ಣು ಮುಚ್ಚಿ ಹಾಕು" ಅಂತಾರೆ. ತಮ್ಮನೂ ಅದನ್ನೇ ಹೇಳ್ತಾನೆ. ಬೆಂಗಳೂರಿನ ಆಚೆ ಇರುವ ಒಂದು ಹೊಸ ಕಾಲೇಜಿನಲ್ಲಿ ಸಿಎಸ್ ಸಿಗುವ ಹಾಗಿದೆ. ನಮ್ಮ ಕಡೆಯ ಹಳೇ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಅಥವಾ ಎಲೆಕ್ಟ್ರಿಕಲ್ ಸಿಗಬಹುದು.

ಇನ್ನೊಂದು ಭಯ. ಬೇಕಾದ ಕಾಲೇಜು, ಬ್ರ್ಯಾಂಚುಗಳನ್ನು ಸಾಲಾಗಿ ಬರೆಯೋದೇ ಆಪ್ಷನ್ ಎಂಟ್ರಿಯಂತೆ. "ಸಿಗುವಂಥದ್ದನ್ನೇ ಮೇಲೆ ಹಾಕಿ, ದೊಡ್ಡ ಕಾಲೇಜು ಮೇಲೆ ಹಾಕಿದರೆ ಇದ್ದದ್ದೂ ಹೋಗುತ್ತೆ" ಅಂದರು ಸೈಬರ್ ಸೆಂಟರ್‌ನವರು. ನಿಜವಾ?

ಒಂಟಿಕೊಪ್ಪಲು
ಸೈಬರ್ ಸೆಂಟರ್‌ನವರ ಮಾತು ಪೂರ್ತಿ ತಪ್ಪು. ಮೊದಲು ಇದನ್ನು ಸರಿಮಾಡಿಕೊಳ್ಳಿ, ಉಳಿದದ್ದು ಆಮೇಲೆ.

ಸಿಇಟಿ ನಡೆಸಿ ಸೀಟು ಹಂಚುವ ಪ್ರಾಧಿಕಾರ ಕೆಇಎ. ಅದರ ಕಂಪ್ಯೂಟರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತಗೊಳ್ಳುತ್ತೆ. ನಿಮ್ಮ ತಮ್ಮನ ಸರದಿ ಬಂದಾಗ ಅವನ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತೆ. ಒಂದನೆಯದು ಖಾಲಿ ಇಲ್ಲವಾ, ಎರಡನೆಯದು. ಅದೂ ಇಲ್ಲವಾ, ಮೂರನೆಯದು. ಮೇಲೆ ದೊಡ್ಡ ಕಾಲೇಜು ಬರೆದ ತಪ್ಪಿಗೆ ಕೆಳಗಿನ ಸೀಟನ್ನು ಅವನಿಗಿಂತ ಹಿಂದಿನ ರ‍್ಯಾಂಕಿನವರಿಗೆ ಕೊಡೋದಿಲ್ಲ. ಆದರೆ ಸಿಗುವಂಥದ್ದನ್ನೇ ಮೇಲೆ ಬರೆದರೆ ಅದೇ ಸಿಗುತ್ತೆ, ಅದಕ್ಕಿಂತ ಒಳ್ಳೇದು ಸಿಗುವ ಹಾಗಿದ್ದರೂ ಕೈತಪ್ಪುತ್ತೆ. ಹಾಗಾಗಿ ಆಸೆಯ ಕ್ರಮದಲ್ಲಿ ಬರೆಯಿರಿ, ಭಯದ ಕ್ರಮದಲ್ಲಿ ಬೇಡ. ಹನ್ನೊಂದೋ ಹನ್ನೆರಡೋ ಬರೆದು ನಿಲ್ಲಿಸಬೇಡಿ. ಅರವತ್ತು ಬರೆದರೂ ಯಾರೂ ಬೈಯಲ್ಲ. ಸಿಕ್ಕರೆ ಸೇರಲ್ಲ ಅನ್ನುವಂಥದ್ದನ್ನು ಮಾತ್ರ ಬರೆಯಬೇಡಿ.

ಅಣಕು ಹಂಚಿಕೆ ಬಂದಾಗ ಒಂದು ಅಂದಾಜು ಸಿಗುತ್ತೆ, ಆಮೇಲೆ ಪಟ್ಟಿ ತಿದ್ದಲು ಅವಕಾಶ ಇರುತ್ತೆ. ಮೊದಲ ಸುತ್ತು ಆದ ಮೇಲೆ ಚಾಯ್ಸ್ ಕೇಳ್ತಾರೆ. ಒಂದು ಅಂದರೆ ಸಾಕು, ಸೇರ್ತೀನಿ. ಎರಡು ಅಂದರೆ ಇದು ಕೈಲಿರಲಿ, ಮೇಲಿನದು ಸಿಕ್ಕರೆ ಕೊಡಿ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರ್ತೀನಿ. ನಾಲ್ಕು ಅಂದರೆ ಆಟಕ್ಕೇ ಇಲ್ಲ. ಮೂರನ್ನು ಒತ್ತುವ ಮುಂಚೆ ಹತ್ತು ಸಲ ಯೋಚಿಸಿ. ಫೀಸು ಯಾವಾಗ ಕಟ್ಟಬೇಕು ಅನ್ನೋ ನಿಯಮ ವರ್ಷ ವರ್ಷ ಬದಲಾಗುತ್ತೆ, ಈ ವರ್ಷದ ಸೂಚನೆಯನ್ನೇ ಓದಿ.

ಕೊಪ್ಪಳ ಪ್ಯಾಸೆಂಜರ್
ಅಕ್ಕಾ, 371 ಜೆ, ಅಂದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿ, ಹಾಕಿದ್ದೀರಾ? ನಮಗೆ ಅದರಿಂದ ತುಂಬಾ ಅನುಕೂಲ ಆಯ್ತು.

ರೋಣದ ಅಕ್ಕ
ಗದಗ ಜಿಲ್ಲೆ ಅದರಲ್ಲಿ ಬರಲ್ಲ ಅಣ್ಣಾ. ನಮ್ಮೂರಿಂದ ಸ್ವಲ್ಪ ದೂರ ಹೋದರೆ ನಿಮ್ಮ ಜಿಲ್ಲೆ ಶುರು. ಅಷ್ಟರಲ್ಲೇ ತಪ್ಪಿತು.

ಕೊಪ್ಪಳ ಪ್ಯಾಸೆಂಜರ್
ಹೌದಲ್ವಾ, ಮರೆತೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಏಳೇ.

ಆದರೆ ನಿಮ್ಮ ತಮ್ಮನಿಗೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದ ಕೋಟಾ ಎರಡೂ ಇದೆ. ಅರ್ಜಿಯಲ್ಲೇ ಕೇಳಿಕೊಂಡಿದ್ದರೆ ಸಾಕು. ಹೋದ ವರ್ಷದ ಕಟ್‌ಆಫ್ ಪಟ್ಟಿ ಕೆಇಎ ವೆಬ್‌ಸೈಟಿನಲ್ಲಿದೆ. ಅದರಲ್ಲಿ 2ಎಜಿ, 2ಎಕೆ, 2ಎಆರ್ ಅಂತ ಮೂರು ಕಾಲಂ ಇರುತ್ತೆ. ಜಿ ಅಂದರೆ ಸಾಮಾನ್ಯ, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ಬಹಳ ಜನ ಜಿಎಂ (ಜನರಲ್ ಮೆರಿಟ್) ಕಾಲಂ ನೋಡಿ "ನಮಗೆ ಸಿಗಲ್ಲ ಬಿಡು" ಅಂತ ಕೈಬಿಡ್ತಾರೆ. ನೀವು ಆ ಮೂರು ಕಾಲಂ ಮೇಲೆ ಬೆರಳಿಟ್ಟು ನೋಡಿ. ಎರಡನೇ ಸುತ್ತಿನ ಪಟ್ಟಿಯನ್ನೂ ತೆಗೆದು ನೋಡಿ.

ರೋಣದ ಅಕ್ಕ
ಅಯ್ಯೋ, ನಾನೂ ಜಿಎಂ ಕಾಲಂ ನೋಡ್ಕೊಂಡೇ ಎರಡು ದಿನ ಅತ್ತಿದ್ದೆ! ಗ್ರಾಮೀಣ, ಕನ್ನಡ ಎರಡೂ ಕೇಳಿದ್ದೇವೆ. ಬಿಇಒ ಆಫೀಸಿಗೆ ಮೂರು ಸಲ ಅಲೆದು ವ್ಯಾಸಂಗ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿಕೊಂಡು ಬಂದಿದ್ದೆ.

ಲಂಚ್ ಬಾಕ್ಸ್
ನಾನು ಬೆಂಗಳೂರಿನಲ್ಲಿ ಹುಡುಗರನ್ನು ಕೆಲಸಕ್ಕೆ ತಗೊಳ್ಳುವ ತಂಡದಲ್ಲಿದ್ದೇನೆ. ಮಾವನ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಅದನ್ನು ಮೊದಲು ಹೇಳಿಬಿಡ್ತೀನಿ. ಬೆಂಗಳೂರಿನಲ್ಲಿದ್ದರೆ ಇಂಟರ್ನ್‌ಶಿಪ್‌ಗೆ ಅನುಕೂಲ. ಕ್ಯಾಂಪಸ್ಸಿಗೆ ಕಂಪನಿಗಳೂ ಜಾಸ್ತಿ ಬರ್ತವೆ.

ಆದರೆ ಅದು ಎಲ್ಲ ಕಾಲೇಜಿನ ಮಾತಲ್ಲ. 1917ರ ಯುವಿಸಿಇ, 1946ರ ಬಿಎಂಎಸ್, 1963ರ ಆರ್‌ವಿ, ಇವೂ ಬೆಂಗಳೂರೇ. ಮೊನ್ನೆ ಬೋರ್ಡು ಹಾಕಿದ್ದೂ ಬೆಂಗಳೂರೇ. ಹೆದ್ದಾರಿ ಪಕ್ಕ "ಅತಿ ಹೆಚ್ಚು ಪ್ಯಾಕೇಜ್ ಇಷ್ಟು ಲಕ್ಷ" ಅಂತ ಫ್ಲೆಕ್ಸ್ ಇರುತ್ತಲ್ಲ, ಅದು ಒಬ್ಬ ಹುಡುಗನ ಸಂಬಳ. ನೀವು ಕೇಳಬೇಕಾದ್ದು ಬೇರೆ. ಆ ಬ್ರ್ಯಾಂಚಿನಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನಕ್ಕೆ ಆಫರ್ ಬಂತು, ಸಂಬಳದ ಪ್ರಕಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನಿಗೆ ಎಷ್ಟು ಸಿಕ್ಕಿತು. ಒಬ್ಬನಿಗೇ ಮೂರು ಆಫರ್ ಬಂದರೆ ಮೂರು ಅಂತ ಎಣಿಸುವ ಕಾಲೇಜುಗಳೂ ಇವೆ. "ಎಷ್ಟು ಆಫರ್" ಅಂತ ಕೇಳಬೇಡಿ, "ಎಷ್ಟು ಮಕ್ಕಳು" ಅಂತ ಕೇಳಿ.

ಗುಣಮಟ್ಟ ನೋಡಿ ಕೊಡುವ ಮಾನ್ಯತೆ ಎರಡು. ನ್ಯಾಕ್ ಗ್ರೇಡ್ ಇಡೀ ಸಂಸ್ಥೆಗೆ ಕೊಡೋದು. ಎನ್‌ಬಿಎ ಬ್ರ್ಯಾಂಚಿಗೆ ಕೊಡೋದು. ಗೇಟಿನ ಮೇಲೆ "ಎನ್‌ಬಿಎ ಮಾನ್ಯತೆ" ಅಂತ ಬರೆದಿದ್ದರೆ ಯಾವ ಬ್ರ್ಯಾಂಚಿಗೆ ಅಂತ ಕೇಳಿ. ಹೋದ ವರ್ಷ ತೆರೆದ ಬ್ರ್ಯಾಂಚಿಗೆ ಇರಲ್ಲ.

ಬ್ಯಾಕ್‌ಲಾಗ್ ಬಸಣ್ಣ
ನಾನು ಅಂಥದ್ದೇ ಒಂದು ಹೊಸ ಕಾಲೇಜಿನಲ್ಲಿ ಸಿಎಸ್ ಓದಿದವನು. ಹೆಸರು ಬೇಡ. ಡಿಬಿಎಂಎಸ್ (ಡೇಟಾಬೇಸ್) ಪಾಠಕ್ಕೆ ಮೂವರು ಬಂದು ಹೋದರು, ಒಂದೇ ಸೆಮ್‌ನಲ್ಲಿ! ಇಂಟರ್‌ನಲ್ಸ್ ಅಂಕ, ಅಂದರೆ ಕಾಲೇಜೇ ಕೊಡುವ ಅಂಕ, ಮಾತ್ರ ಎಲ್ಲರಿಗೂ ಧಾರಾಳ. 50ಕ್ಕೆ 46, 47. ವಿಶ್ವವಿದ್ಯಾಲಯದ, ಅಂದರೆ ವಿಟಿಯು ಪರೀಕ್ಷೆಯಲ್ಲಿ ಬಣ್ಣ ಬಯಲು. ನನ್ನ ಹೆಸರು ನೋಡಿದರೇ ಗೊತ್ತಾಗುತ್ತಲ್ಲ, ಬ್ಯಾಕ್‌ಲಾಗ್ ಅಂದರೆ ಪಾಸಾಗದೆ ಉಳಿದ ವಿಷಯ.

ಕೊನೆಗೆ ಕೆಲಸ ಸಿಕ್ಕಿತು. ಕಾಲೇಜಿಂದ ಅಲ್ಲ, ರೂಮ್‌ಮೇಟ್‌ನಿಂದ. ಅವನು ರಾತ್ರಿ ಕೂತು ಕೋಡ್ ಬರೀತಿದ್ದ, ನಾನು ಪಕ್ಕದಲ್ಲಿ ಕೂತು ಕಲಿತೆ.

ಚಾಕ್‌ಪೀಸ್
ಇಪ್ಪತ್ತೆರಡು ವರ್ಷದಿಂದ ವಿಟಿಯು ಕಾಲೇಜಿನಲ್ಲಿ ಪಾಠ ಮಾಡ್ತಿದ್ದೇನೆ. ಯಾವ ಕಾಲೇಜು ಅಂತ ಹೇಳೋದಿಲ್ಲ, ಪ್ರಚಾರ ಅನ್ನಿಸಬಾರದು.

ತಂಗೀ, ಒಂದು ಕೆಲಸ ಮಾಡಿ. ಎರಡೂ ಕಾಲೇಜಿಗೆ ತಮ್ಮನನ್ನು ಕರ‍್ಕೊಂಡು ಹೋಗಿ ಬನ್ನಿ. ಭಾನುವಾರ ಬೇಡ, ಅವರೇ ಕರೆಯುವ "ಓಪನ್ ಡೇ"ಯೂ ಬೇಡ. ಕ್ಲಾಸು ನಡೆಯುವ ದಿನ, ಯಾರಿಗೂ ಹೇಳದೆ. ಅಡ್ಮಿಷನ್ ಆಫೀಸಿನ ಸೋಫಾದಲ್ಲಿ ಕೂತು ಕಾಫಿ ಕುಡಿದು ವಾಪಸ್ ಬಂದರೆ ಹೋಗಿ ಬಂದ ಹಾಗಲ್ಲ. ಲ್ಯಾಬಿನ ಬಾಗಿಲಲ್ಲಿ ನಿಂತು ನೋಡಿ. ಲ್ಯಾಬ್ ಅಟೆಂಡರ್ ಜೊತೆ ಮಾತಾಡಿ, ಅವನಿಗೆ ಗೊತ್ತಿರುವಷ್ಟು ಪ್ರಿನ್ಸಿಪಾಲರಿಗೂ ಗೊತ್ತಿರಲ್ಲ. ಲೈಬ್ರರಿಯಲ್ಲಿ ಪಠ್ಯಪುಸ್ತಕದ ಹಿಂದಿನ ಪುಟದ ಚೀಟಿಯಲ್ಲಿ ತಾರೀಖಿನ ಸೀಲು ನೋಡಿ. ಈಗ ಕೆಲವು ಕಡೆ ಬಾರ್‌ಕೋಡ್ ಬಂದಿದೆ, ಇರಲಿ, ಪುಸ್ತಕದ ಅಂಚು ಸವೆದಿದೆಯಾ ಅಂತಾದರೂ ನೋಡಿ. ವಿಭಾಗದ ಮುಂದೆ ಅಧ್ಯಾಪಕರ ಹೆಸರಿನ ಬೋರ್ಡು ಇರುತ್ತೆ. ಹತ್ತು ವರ್ಷದಿಂದ ಇರುವವರು ಎಷ್ಟು ಜನ ಅಂತ ಮೂರನೇ ವರ್ಷದ ಹುಡುಗರನ್ನು ಕೇಳಿ.

ಬ್ರ್ಯಾಂಚ್ ವಿಷಯ. ಎಲೆಕ್ಟ್ರಾನಿಕ್ಸ್ ಓದಿ ಸಾಫ್ಟ್‌ವೇರ್‌ಗೆ ಹೋದ ನನ್ನ ವಿದ್ಯಾರ್ಥಿಗಳನ್ನು ಎಣಿಸಲು ಬೆರಳು ಸಾಲದು. ಸಿಎಸ್ ಓದಿ ಎರಡು ಸಾಲು ಪ್ರೋಗ್ರಾಂ ಬರೆಯಲು ಬರದವರನ್ನೂ ನೋಡಿದ್ದೇನೆ. ಸರ್ಕ್ಯೂಟ್ ಬ್ರ್ಯಾಂಚು ಅಂದರೆ ಗಣಿತ ಗಟ್ಟಿ ಇರಬೇಕು, ಅಷ್ಟೇ. ಎಲೆಕ್ಟ್ರಿಕಲ್‌ಗೆ ಕೆಪಿಟಿಸಿಎಲ್, ಎಸ್ಕಾಂನಂಥ ಸರ್ಕಾರಿ ವಿದ್ಯುತ್ ಕಂಪನಿಗಳ ಪರೀಕ್ಷೆಯ ದಾರಿಯೂ ಇದೆ.

ಫೀಸಿನ ಬಗ್ಗೆ ಒಂದು ಎಚ್ಚರಿಕೆ. ಹಳೇ ಅನುದಾನಿತ ಕಾಲೇಜು ಅಂದ ತಕ್ಷಣ ಎಲ್ಲ ಬ್ರ್ಯಾಂಚಿಗೂ ಕಡಿಮೆ ಫೀಸು ಅಂದ್ಕೋಬೇಡಿ. ಸಾಮಾನ್ಯವಾಗಿ ಹಳೇ ಬ್ರ್ಯಾಂಚುಗಳಿಗೆ ಅನುದಾನ ಇರುತ್ತೆ, ಆಮೇಲೆ ಸೇರಿಸಿದ್ದಕ್ಕೆ ಇರಲ್ಲ. ಒಂದೇ ಕಾಲೇಜು ಪಟ್ಟಿಯಲ್ಲಿ ಎರಡು ಕೋಡಿನಲ್ಲಿ ಬರಬಹುದು. ಕೋಡ್ ನೋಡಿ ಬರೆಯಿರಿ. ಎಸ್‌ಎನ್‌ಕ್ಯೂ ಕೇಳಿದ್ದೀರಾ? ಅದು ಹೆಚ್ಚುವರಿ ಸೀಟುಗಳ ಕೋಟಾ. ಮನೆಯ ವರಮಾನ 8 ಲಕ್ಷದೊಳಗಿದ್ದರೆ ಅದರಲ್ಲಿ ಸೀಟು ಸಿಕ್ಕವರಿಗೆ ಬೋಧನಾ ಶುಲ್ಕ ಮಾಫಿ ಇದೆ.

ಕರಾವಳಿ ಕಾಕ
ಎಲ್ಲರೂ ಎಂಜಿನಿಯರಿಂಗೇ ಯಾಕೆ ಮಾರಾಯ್ರೆ? ಹುಡುಗ ಹೊಲದ ಮನೆಯವನು. ಬಿಎಸ್ಸಿ ಕೃಷಿಗೆ ಕೃಷಿಕರ ಮಕ್ಕಳ ಕೋಟಾ ಉಂಟು. ಧಾರವಾಡದ ಕೃಷಿ ವಿವಿ ನಿಮಗೆ ಹತ್ತಿರವೇ. ಪಾಠ ಮಾಡುವ ಆಸೆ ಇದ್ದರೆ ಮೈಸೂರಿನ ಆರ್‌ಐಇಯಲ್ಲಿ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಬಿಎಸ್ಸಿ ಬಿಎಡ್ ಒಟ್ಟಿಗೇ ನಾಲ್ಕು ವರ್ಷಕ್ಕೆ ಮುಗೀತದೆ.

ರೋಣದ ಅಕ್ಕ
ಕಾಕಾ, ಅದನ್ನೂ ಕೇಳಿದೆ. "ಹೊಲ ನೋಡಿ ನೋಡಿ ಸಾಕಾಗೇದ" ಅಂದ. ಅಪ್ಪ ಅಲ್ಲೇ ಕೂತಿದ್ದರು. ನಕ್ಕರು, ಆದರೆ ಪೂರ್ತಿ ನಗು ಅಲ್ಲ.

ಚಾಕ್‌ಪೀಸ್ ಸರ್, ಎಸ್‌ಎನ್‌ಕ್ಯೂ ಕೇಳಿದ್ದೇವೆ. ಈ ವಾರ ರಜೆ ಹಾಕಿ ಎರಡೂ ಕಡೆ ಹೋಗಿ ಬರ್ತೀನಿ.

ರೋಣದ ಅಕ್ಕ (ಐದು ದಿನದ ನಂತರ)
ಹೋಗಿ ಬಂದೆವು. ಉದ್ದ ಆಗುತ್ತೆ, ಬೇಜಾರಾಗಬೇಡಿ.

ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿದು ಹೋದೆವು. ಮಾವ ಕ್ಯಾಬಿನಲ್ಲೇ ಕರೆದುಕೊಂಡು ಹೋದರು. ಗೇಟು ಮದುವೆ ಛತ್ರದ ಥರ. ಒಳಗೆ ಎಸಿ ರೂಮು, ಟೈ ಕಟ್ಟಿದ ಹುಡುಗ, ಬಣ್ಣದ ಪುಸ್ತಕ. ಮಾವನ ಮುಖ ಅರಳಿತು. ನಾನು ಲಂಚ್ ಬಾಕ್ಸ್ ಅವರು ಹೇಳಿದ ಹಾಗೆ "ಸಿಎಸ್‌ನಲ್ಲಿ ಎಷ್ಟು ಮಕ್ಕಳು, ಎಷ್ಟು ಮಕ್ಕಳಿಗೆ ಸಿಕ್ತು" ಅಂದೆ. ಅವನು "ಮೇಡಂ, 95 ಪರ್ಸೆಂಟ್ ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್" ಅಂದ. ಅಸಿಸ್ಟೆನ್ಸ್ ಅಂದರೆ ಏನು ಅಂತ ಕೇಳಿದ್ದಕ್ಕೆ ಬೇರೆ ಯಾರನ್ನೋ ಕರೀತೀನಿ ಅಂತ ಹೋದವನು ಬರಲಿಲ್ಲ.

ನಾವೇ ಮೇಲಿನ ಮಹಡಿಗೆ ಹೋದೆವು. ಲ್ಯಾಬಿನಲ್ಲಿ ಅರವತ್ತು ಕಂಪ್ಯೂಟರ್ ಇತ್ತು. ಎಲ್ಲದರ ಮೇಲೂ ಪ್ಲಾಸ್ಟಿಕ್ ಕವರ್. ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆ. ತಮ್ಮ ಒಂದು ಕವರ್ ಎತ್ತಿ ನೋಡಿದ. ಕೀಬೋರ್ಡಿನ ಹಾಳೆ ಇನ್ನೂ ಕಿತ್ತಿರಲಿಲ್ಲ. ನನ್ನ ಕಡೆ ನೋಡಿದ, ಮಾತಾಡಲಿಲ್ಲ. ಕ್ಯಾಂಟೀನಿನಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹುಡುಗ ಸಿಕ್ಕ. ನಮ್ಮ ಮಾತು ಕೇಳಿ ತಾನೇ ಬಂದ. "ಅಕ್ಕಾ, ಇಲ್ಲಿ ಫೀಸು ಅಂದರೆ ಫೀಸಲ್ಲ. ಬಸ್ಸಿನದು ಬೇರೆ, ಸ್ಕಿಲ್ ಟ್ರೈನಿಂಗ್ ಅಂತ ಬೇರೆ, ಪ್ಲೇಸ್‌ಮೆಂಟ್ ಟ್ರೈನಿಂಗ್ ಅಂತ ಬೇರೆ. ಎಲ್ಲದಕ್ಕೂ ರಸೀದಿ ಕೇಳ್ರಿ" ಅಂದ. ಮಾವ ಆಮೇಲೆ ಗಾಡಿಯಲ್ಲಿ ಒಂದು ಮಾತೂ ಆಡಲಿಲ್ಲ.

ಎರಡು ದಿನ ಬಿಟ್ಟು ನಮ್ಮ ಕಡೆಯ ಹಳೇ ಕಾಲೇಜಿಗೆ ಹೋದೆವು. ಕಟ್ಟಡಕ್ಕೆ ಬಣ್ಣ ಬಳಿದು ಎಷ್ಟು ವರ್ಷ ಆಯಿತೋ. ಸ್ವಾಗತಿಸುವವರು ಯಾರೂ ಇಲ್ಲ. ಎಲೆಕ್ಟ್ರಾನಿಕ್ಸ್ ಲ್ಯಾಬಿನ ಬಾಗಿಲಲ್ಲಿ ನಿಂತೆವು. ಒಂದು ಟೇಬಲ್ಲಿಗೆ ಮೂವರು, ತಂತಿ ಚುಚ್ಚಿ ಏನೋ ಮಾಡ್ತಿದ್ದರು. ಒಂದರಿಂದ ಸುಟ್ಟ ವಾಸನೆ ಬಂತು. ಮೇಡಂ ಬಂದು ಬೈದರು, ಆಮೇಲೆ ಅಲ್ಲೇ ಕೂತು ಮತ್ತೆ ಕಟ್ಟಿಸಿದರು. ತಮ್ಮ ಬಾಗಿಲಿಂದ ಅಲುಗಾಡಲಿಲ್ಲ. ಅಟೆಂಡರ್ "ಒಳಗ ಬಾರೋ" ಅಂದು ಕರೆದರು. ಅವರು ಅಲ್ಲಿ 26 ವರ್ಷದಿಂದ ಇದ್ದಾರಂತೆ.

ಹಾಸ್ಟೆಲ್ ಮಾತ್ರ ಚೆನ್ನಾಗಿಲ್ಲ. ನೀರಿನ ತೊಂದರೆ ಇದೆ ಅಂದರು. ಕಂಪನಿಗಳೂ ಬೆಂಗಳೂರಿನಷ್ಟು ಬರಲ್ಲ, ಹುಡುಗರೇ ಒಪ್ಪಿಕೊಂಡರು.

ಲಂಚ್ ಬಾಕ್ಸ್
"ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ 95 ಪರ್ಸೆಂಟ್" ಕೇಳಿ ನಮ್ಮ ಆಫೀಸಿನಲ್ಲಿ ಎಲ್ಲರೂ ನಕ್ಕರು. ಉಳಿದ ಐದು ಪರ್ಸೆಂಟಿಗೆ ಸಹಾಯ ಕೂಡ ಮಾಡಲ್ವಂತಾ?

ಒಂಟಿಕೊಪ್ಪಲು
ಒಂದು ಅಡ್ಡಮಾತು ಹೇಳಲೇಬೇಕು. ಒಂದು ಲ್ಯಾಬು ನೋಡಿ ಎಲ್ಲ ಹೊಸ ಕಾಲೇಜನ್ನೂ ಬೈಯುವುದು ತಪ್ಪು. ಹಳೇ ಹೆಸರಿನ ಮೇಲೆ ಮಲಗಿರುವ ಕಾಲೇಜುಗಳೂ ಬೇಕಾದಷ್ಟಿವೆ. ನಾನು ಓದಿದ್ದು ಅಂಥದ್ದರಲ್ಲೇ. 1960ರ ದಶಕದ ಯಂತ್ರಗಳನ್ನು "ಪರಂಪರೆ" ಅಂತ ತೋರಿಸ್ತಿದ್ದರು. ನೀವು ಕಣ್ಣಾರೆ ನೋಡಿ ಬಂದಿದ್ದು ಒಳ್ಳೇದಾಯ್ತು. ಪಟ್ಟಿಯಲ್ಲಿ ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಹಾಸನದ ಮಲ್ನಾಡ್, ಮಂಡ್ಯದ ಪಿಇಎಸ್ ಕೂಡ ಆಸೆಯ ಜಾಗದಲ್ಲಿ ಬರೆಯಿರಿ. ಬರೆಯೋಕೆ ದುಡ್ಡಿಲ್ಲ. ಹುಬ್ಬಳ್ಳಿಯ ಬಿವಿಬಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಆಗಿದೆ, ಡಿಗ್ರಿ ಅವರದೇ, ವಿಟಿಯುದಲ್ಲ. ಫೀಸು ಬೇರೆ ನೋಡ್ಕೊಳ್ಳಿ.

ರೋಣದ ಅಕ್ಕ (ಮೂರು ವಾರದ ನಂತರ)
ಸೀಟು ಆಯ್ತು! ನಾವು ನೋಡಿ ಬಂದ ಆ ಹಳೇ ಕಾಲೇಜೇ. ಎಲೆಕ್ಟ್ರಾನಿಕ್ಸ್. ಪಟ್ಟಿಯಲ್ಲಿ 14ನೆಯದಾಗಿತ್ತು, ಗ್ರಾಮೀಣ ಕೋಟಾದಲ್ಲಿ ಬಂತು. ಎರಡನೇ ಸುತ್ತಿಗೂ ಕಾದೆವು, ಮೇಲಿನದು ಯಾವುದೂ ಸಿಗಲಿಲ್ಲ. ಬೆಂಗಳೂರಿನ ಆ ಕಾಲೇಜನ್ನು ತಮ್ಮನೇ ಪಟ್ಟಿಯಿಂದ ಅಳಿಸಿದ್ದ.

ಈಗ ಬೇರೆ ಚಿಂತೆ. ಪಿಯುಸಿಯಲ್ಲೇ ಇಂಗ್ಲಿಷಿಗೆ ಒದ್ದಾಡಿದ್ದ. ಇಲ್ಲಿ ಹೇಗೆ?

ಚಾಕ್‌ಪೀಸ್
ಮೊದಲ ಆರು ವಾರ ಗಟ್ಟಿ ಹಿಡಿದರೆ ಆಯ್ತು. ನಾನು ಗಮನಿಸಿದ ಹಾಗೆ ಕನ್ನಡ ಮಾಧ್ಯಮದ ಮಕ್ಕಳು ಸೋಲುವುದು ಇಂಗ್ಲಿಷಿನಿಂದ ಅಲ್ಲ, ನಾಚಿಕೆಯಿಂದ. ಕೊನೇ ಬೆಂಚಿಗೆ ಹೋಗಿ ಕೂರ್ತಾರೆ. ಪ್ರಶ್ನೆ ಕೇಳಲ್ಲ. ಮೊದಲ ಇಂಟರ್‌ನಲ್ಸ್‌ನಲ್ಲಿ ಕಡಿಮೆ ಬರುತ್ತೆ, "ನನ್ನ ಕೈಲಾಗಲ್ಲ" ಅಂತ ತೀರ್ಮಾನ ಮಾಡಿಬಿಡ್ತಾರೆ. ಅವನಿಗೆ ಎರಡನೇ ಬೆಂಚಿನಲ್ಲಿ ಕೂರೋಕೆ ಹೇಳಿ. ಅರ್ಥ ಆಗದ್ದನ್ನು ಕ್ಲಾಸು ಮುಗಿದ ಮೇಲೆ ಕನ್ನಡದಲ್ಲೇ ಕೇಳಲಿ. ಯಾವ ಮೇಷ್ಟ್ರೂ ಬೇಡ ಅನ್ನಲ್ಲ. ಅಂದರೆ ಬೇರೆ ಮೇಷ್ಟ್ರನ್ನು ಕೇಳಲಿ.

ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯವರು ಎಂಜಿನಿಯರಿಂಗ್ ಪುಸ್ತಕಗಳನ್ನು ಕನ್ನಡದಲ್ಲೂ ತಂದಿದ್ದಾರೆ, ಇ-ಕುಂಭ್ ಪೋರ್ಟಲ್‌ನಲ್ಲಿ ಸಿಗುತ್ತವೆ. ಕನ್ನಡದಲ್ಲಿ ಓದಿ ವಿಷಯ ತಲೆಗೆ ಹೋಗಲಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡಲಿ.

ಬ್ಯಾಕ್‌ಲಾಗ್ ಬಸಣ್ಣ
ಗಣಿತ ಬಿಡಬೇಡ ಅಂತ ಹೇಳಿ ಅಕ್ಕಾ. ನನ್ನ ಕಥೆ ಎಂ-1ರಿಂದ (ಮೊದಲ ಸೆಮ್ ಗಣಿತ) ಶುರುವಾಗಿದ್ದು. ಒಂದು ಉಳಿದರೆ ಮುಂದಿನ ಸೆಮ್‌ನಲ್ಲಿ ಅದಕ್ಕೂ ಓದಬೇಕು, ಇದಕ್ಕೂ ಓದಬೇಕು. ಎಷ್ಟೋ ಕಂಪನಿಗಳು ಹತ್ತನೇ ಕ್ಲಾಸಿಂದ ಎಲ್ಲದರಲ್ಲೂ 60 ಪರ್ಸೆಂಟ್ ಕೇಳ್ತವೆ, ಬ್ಯಾಕ್ ಇದ್ದರೆ ಪರೀಕ್ಷೆಗೇ ಕೂರಿಸಲ್ಲ.

ಹಾಜರಿ 85 ಪರ್ಸೆಂಟ್ ಬೇಕು. "75 ಇದ್ದರೆ ಸಾಕು" ಅಂತ ಸೀನಿಯರ್ಸ್ ಹೇಳ್ತಾರೆ. ಅದು ಕಾರಣ ಕೊಟ್ಟು ಬೇಡಿಕೊಂಡವರಿಗೆ. ಸಮಾಜಸೇವೆಯಂಥ ಕೆಲಸಕ್ಕೆ ಕೊಡುವ ಆಕ್ಟಿವಿಟಿ ಪಾಯಿಂಟ್ಸ್ 100 ಮಾಡಬೇಕು, ಕೊನೇ ವರ್ಷಕ್ಕೆ ಉಳಿಸ್ಕೋಬೇಡಿ. ನಾವು ಎಂಟನೇ ಸೆಮ್‌ನಲ್ಲಿ ಒಂದೇ ವಾರ ಮೂರು ಕೆರೆ ಸ್ವಚ್ಛ ಮಾಡಿದ್ದೆವು.

ಜೀರೋ ಅಟೆಂಡೆನ್ಸ್
ಸ್ವಚ್ಛ ಮಾಡಿದ್ರಾ, ಫೋಟೋ ತೆಗೆಸಿಕೊಂಡ್ರಾ?

ಬ್ಯಾಕ್‌ಲಾಗ್ ಬಸಣ್ಣ
ಒಂದು ಕೆರೆ ನಿಜವಾಗ್ಲೂ ಮಾಡಿದೆವು.

ಲಂಚ್ ಬಾಕ್ಸ್
ಎಲೆಕ್ಟ್ರಾನಿಕ್ಸ್ ಆದ್ದರಿಂದ ಎರಡನೇ ವರ್ಷದಿಂದ ಸಿ ಮತ್ತು ಪೈಥಾನ್ ಎರಡನ್ನೂ ಕೈಯಲ್ಲಿ ಬರೆದು ಕಲೀಲಿ. ಲ್ಯಾಪ್‌ಟಾಪ್ ಈಗಲೇ ಸಾಲ ಮಾಡಿ ತರಬೇಡಿ. ಮೊದಲ ಸೆಮ್‌ಗೆ ಕಾಲೇಜಿನ ಲ್ಯಾಬ್ ಸಾಕು. ಇಂಟರ್ವ್ಯೂನಲ್ಲಿ ನಾನು "ನೀನು ಕೈಯಾರೆ ಮಾಡಿದ್ದು ಏನಾದ್ರೂ ಹೇಳು" ಅಂತ ಕೇಳ್ತೀನಿ. ಒಬ್ಬ ಹುಡುಗ ಊರಿನ ಬೋರ್‌ವೆಲ್ ಮೋಟರನ್ನು ಫೋನಿಂದ ಆನ್ ಮಾಡುವ ಸಣ್ಣ ಡಬ್ಬಿ ಮಾಡಿದ್ದ. ಮಳೆಗಾಲದಲ್ಲಿ ಅದು ಹೇಗೆ ಕೆಟ್ಟಿತು, ಹೇಗೆ ಸರಿಮಾಡಿದ ಅಂತ ಇಪ್ಪತ್ತು ನಿಮಿಷ ಹೇಳಿದ. ಇಂಗ್ಲಿಷ್ ತಪ್ಪು ತಪ್ಪಾಗಿತ್ತು. ತಗೊಂಡೆವು.

ಕೊಪ್ಪಳ ಪ್ಯಾಸೆಂಜರ್
ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕೋದು ಮರೀಬೇಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡ್ಕೊಳ್ಳಿ, ಅಲ್ಲೇ ಎಷ್ಟೋ ಜನರದು ನಿಲ್ಲುತ್ತೆ. ಹಾಸ್ಟೆಲ್ ಸಿಗದೆ ರೂಮು ಮಾಡಿದರೆ ವಿದ್ಯಾಸಿರಿ ಸಹಾಯಧನಕ್ಕೂ ಹಾಕಿ.

ರೋಣದ ಅಕ್ಕ
ಎಲ್ಲ ಬರ‍್ಕೊಂಡೆ. ಇವನೇ ಏನೋ ಕೇಳಬೇಕಂತೆ, ಫೋನ್ ಕೊಡ್ತಿದ್ದೀನಿ.

ನಮಸ್ಕಾರ ಎಲ್ಲರಿಗೂ. ನಾನು ತಮ್ಮ. ಬಸಣ್ಣ, ಹಾಸ್ಟೆಲ್‌ನಲ್ಲಿ ನೀರಿಗೆ ಬಕೆಟ್ ಒಂದು ಸಾಕಾ ಎರಡು ಬೇಕಾ? ಅಟೆಂಡರ್ ಕಾಕಾ ಅವತ್ತು ಒಂದು ಸುಟ್ಟ ಐಸಿ (ಚಿಪ್) ಕೊಟ್ಟಿದ್ದರು. ಅದರ ಮೇಲೆ 7408 ಅಂತ ಬರೆದಿದೆ. ಅದು ಏನು?

ಬ್ಯಾಕ್‌ಲಾಗ್ ಬಸಣ್ಣ
ಎರಡು. ಒಂದಕ್ಕೆ ಮುಚ್ಚಳ ಇರಲಿ. ಐಸಿ ವಿಷಯ ಸರ್ ಹೇಳ್ತಾರೆ.

ಚಾಕ್‌ಪೀಸ್
ಅದು ಆಂಡ್ ಗೇಟ್ ಕಣಪ್ಪ, ಇನ್‌ಪುಟ್ ಎರಡೂ ಆನ್ ಇದ್ದರೆ ಮಾತ್ರ ಔಟ್‌ಪುಟ್ ಆನ್. ಒಳಗೆ ನಾಲ್ಕು ಗೇಟು ಇವೆ, ಒಂದೊಂದಕ್ಕೆ ಎರಡೆರಡು ಇನ್‌ಪುಟ್. ಒಂದು ತುದಿಯಲ್ಲಿ ಅರ್ಧಚಂದ್ರದ ಕಚ್ಚು ಇದೆ ನೋಡು. ಆ ತುದಿ ಎಡಗಡೆ ಬರೋ ಹಾಗೆ ಹಿಡಿ. ಕೆಳಸಾಲಿನ ಎಡತುದಿಯದು ಒಂದನೇ ಪಿನ್. ಅಲ್ಲಿಂದ ಬಲಕ್ಕೆ ಏಳರವರೆಗೆ ಎಣಿಸು, ಏಳು ಗ್ರೌಂಡ್. ಹದಿನಾಲ್ಕು ಮೇಲ್ಸಾಲಿನಲ್ಲಿ ಒಂದರ ಎದುರಿಗೆ ಇರುತ್ತೆ, ಅದಕ್ಕೆ ಐದು ವೋಲ್ಟ್. ಅವೆರಡನ್ನು ಅದಲು ಬದಲು ಮಾಡಿದ್ದಕ್ಕೇ ಅವತ್ತು ವಾಸನೆ ಬಂದಿರಬೇಕು.